ಮೊಳಕಾಲ್ಮೂರಿನಲ್ಲಿ ಗೆದ್ದವರು, ಹೊಸದುರ್ಗದಲ್ಲಿ ಸೋತವರು: ಎಸ್. ನಿಜಲಿಂಗಪ್ಪನವರ ಬದುಕಿನಿಂದ ನಮ್ಮ ಹಾಲಿನ ಸಂಘಗಳಿಗೆ ಪಾಠ



ಈ ಪುಟದಲ್ಲಿ ನೀವು ಸಾಮಾನ್ಯವಾಗಿ ಕೆಚ್ಚಲು ಬಾವು, ಬೆದೆಯ ಲಕ್ಷಣ, ಕರು ಸಾಕಣೆ, ಹಸಿರು ಮೇವು ಮುಂತಾದ ವಿಷಯಗಳನ್ನು ಓದುತ್ತೀರಿ. ಈ ಸಲ ಒಬ್ಬ ರಾಜಕಾರಣಿಯ ಬದುಕನ್ನು ಪಾಠವಾಗಿ ತೆಗೆದುಕೊಂಡಿದ್ದೇನೆ. "ದನದ ಡಾಕ್ಟರಿಗೆ ರಾಜಕೀಯದ ಉಸಾಬರಿ ಏಕೆ?" ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದ್ದರಿಂದ ಕಾರಣವನ್ನು ಮೊದಲು ಹೇಳಿ ಮುಂದಕ್ಕೆ ಹೋಗುತ್ತೇನೆ.

ಪಾಠಕ್ಕೆ ಕಾರಣವಾದ ಘಟನೆ

ಕೆಲವು ವರ್ಷಗಳ ಹಿಂದೆ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಸರಹದ್ದಿನ ಒಂದು ಹಳ್ಳಿಯಲ್ಲಿ ಹಾಲಿನ ಸಂಘದ ಆಡಳಿತ ಮಂಡಳಿಗೆ ಚುನಾವಣೆ ನಡೆಯಿತು. ಊರಿನ ಹೆಸರು ಇಲ್ಲಿ ಬೇಡ. ಗೆದ್ದವರು ಮೆರವಣಿಗೆ ಮಾಡಿ ಪಟಾಕಿ ಹೊಡೆದರು. ಸೋತವರು ಮಾರನೆಯ ದಿನದಿಂದಲೇ ಸಂಘಕ್ಕೆ ಹಾಲು ಹಾಕುವುದನ್ನು ನಿಲ್ಲಿಸಿ ಖಾಸಗಿಯವರಿಗೆ ಹಾಕತೊಡಗಿದರು. ಬೆಳಿಗ್ಗೆ ಆರು ಕ್ಯಾನು ತುಂಬುತ್ತಿದ್ದ ಸಂಘದಲ್ಲಿ ಮೂರು ಕ್ಯಾನು ತುಂಬುವುದೂ ಕಷ್ಟವಾಯಿತು.

ಅದೇ ತಿಂಗಳು ಕಾಲುಬಾಯಿ ಜ್ವರದ ಲಸಿಕೆ ಕಾರ್ಯಕ್ರಮ ಬಂತು. ಎಂದಿನಂತೆ ಸಂಘದ ಅಂಗಳದಲ್ಲೇ ಶಿಬಿರ ಇಟ್ಟೆವು. "ಆ ಅಂಗಳಕ್ಕೆ ನಾವು ಕಾಲಿಡುವುದಿಲ್ಲ" ಎಂದು ಸೋತ ಗುಂಪಿನವರು ಹೇಳಿ ಕಳುಹಿಸಿದರು. ನಾನು ಮೈಕಿನಲ್ಲಿ ಎರಡು ಸಲ ಕೂಗಿಸಿದೆ. ಅರ್ಧ ಊರು ಬರಲಿಲ್ಲ. "ಕರೆದರೂ ಬಂದಿರುವುದಿಲ್ಲ" ಎಂದು ರಿಜಿಸ್ಟರಿನಲ್ಲಿ ಬರೆದು, ಲಸಿಕೆಯ ಡಬ್ಬ ಎತ್ತಿಕೊಂಡು ಹೊರಟುಬಿಟ್ಟೆ. ಬೀದಿ ಬೀದಿಗೆ ಹೋಗಿದ್ದರೆ ಇನ್ನೊಂದು ದಿನದ ಕೆಲಸವಾಗುತ್ತಿತ್ತು, ಅಷ್ಟೇ. ಅದನ್ನು ನಾನು ಮಾಡಲಿಲ್ಲ.

ಒಂದೂವರೆ ತಿಂಗಳ ನಂತರ ಊರಿಗೆ ಕಾಲುಬಾಯಿ ಜ್ವರ ಬಂತು. ಲಸಿಕೆ ಇಲ್ಲದ ಬೀದಿಗಳಲ್ಲಿ ದನಗಳು ಜೊಲ್ಲು ಸುರಿಸುತ್ತಾ, ಕುಂಟುತ್ತಾ ನಿಂತವು. ಆ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದರು. ಒಂದೇ ಮಿಶ್ರತಳಿ ಹಸು, ಅದೇ ಜೀವನ. ಅಜ್ಜಿ ಯಾವ ಗುಂಪಿಗೂ ಸೇರಿದವರಲ್ಲ. ಮೈದುನನ ಮಾತಿಗೆ ಕಟ್ಟುಬಿದ್ದು ಹಸುವನ್ನು ಲಸಿಕೆಗೆ ಹೊಡೆದುಕೊಂಡು ಬಂದಿರಲಿಲ್ಲ. ದಿನಕ್ಕೆ 9 ಲೀಟರ್ ಕೊಡುತ್ತಿದ್ದ ಹಸು ಎರಡು ಲೀಟರಿಗೆ ಇಳಿಯಿತು. ಹಾಲು ಕುಡಿಯುತ್ತಿದ್ದ ಕರು ಒಂದು ಬೆಳಿಗ್ಗೆ ನಿಂತಲ್ಲೇ ಬಿದ್ದು ಸತ್ತಿತು. ಈ ರೋಗ ಎಳೆ ಕರುಗಳ ಹೃದಯಕ್ಕೇ ಬಡಿಯುತ್ತದೆ. ಅಜ್ಜಿ ನನ್ನನ್ನು ಬೈಯಲಿಲ್ಲ. ಕರುವಿನ ಪಕ್ಕ ಕುಳಿತು ಒಂದೇ ಮಾತು ಕೇಳಿದರು: "ಎಲೆಕ್ಷನ್ ಮಾಡಿದೋರು ನೀವೆಲ್ಲ ಗಂಡಸ್ರು. ರೋಗ ಬಂದಿದ್ದು ನನ್ ಹಸೂಗೆ. ಇದ್ಯಾವ ನ್ಯಾಯ ಡಾಕ್ಟ್ರೇ?"

ಇದಕ್ಕೆ ಔಷಧಿ ಪುಸ್ತಕದಲ್ಲಿ ಉತ್ತರವಿಲ್ಲ. ಚುನಾವಣೆಯಲ್ಲಿ ಗೆದ್ದವರು ಹೇಗಿರಬೇಕು, ಸೋತವರು ಹೇಗಿರಬೇಕು, ಭಿನ್ನಾಭಿಪ್ರಾಯ ಬಂದರೂ ಸಂಸ್ಥೆ ಒಡೆಯದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಬದುಕಿದವರ ಕಥೆಯಿಂದಲೇ ಕಲಿಯಬೇಕು. ನಮ್ಮ ಜಿಲ್ಲೆಯವರೇ ಆದ ಎಸ್. ನಿಜಲಿಂಗಪ್ಪನವರ ಬದುಕಿನಲ್ಲಿ ಇದಕ್ಕೆ ಎರಡು ಬಗೆಯ ಉತ್ತರಗಳಿವೆ. ಹೇಗೆ ಮಾಡಬೇಕೆಂಬುದೂ ಇದೆ, ಹೇಗೆ ಮಾಡಿದರೆ ಕೆಡುತ್ತದೆಂಬುದೂ ಇದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸಿದ್ದವ್ವನಹಳ್ಳಿ ನಿಜಲಿಂಗಪ್ಪನವರು 1902ರ ಡಿಸೆಂಬರ್ 10ರಂದು ಹಲುವಾಗಲು ಗ್ರಾಮದಲ್ಲಿ ಹುಟ್ಟಿದರು. ಆಗ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಈಗ ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ದಾವಣಗೆರೆ ಮತ್ತು ಚಿತ್ರದುರ್ಗಗಳಲ್ಲಿ ಶಾಲೆ ಕಲಿತು, 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿ ಪಡೆದರು. 1926ರಲ್ಲಿ ಪುಣೆಯಲ್ಲಿ ಕಾನೂನು ಪದವಿ ಪಡೆದು ಚಿತ್ರದುರ್ಗಕ್ಕೆ ಬಂದು ವಕೀಲಿ ಆರಂಭಿಸಿದರು.

ವಕೀಲಿಯಲ್ಲೇ ಇದ್ದಿದ್ದರೆ ಸುಖವಾಗಿ ಬದುಕಬಹುದಿತ್ತು. 1930ರ ದಶಕದಲ್ಲಿ ಅವರು ಕಾಂಗ್ರೆಸ್ ಚಳವಳಿಗೆ ಇಳಿದರು. ಆಗಿನ ಮೈಸೂರು ಸಂಸ್ಥಾನದಲ್ಲಿ ಮಹಾರಾಜರ ಆಡಳಿತ. ಜವಾಬ್ದಾರಿ ಸರ್ಕಾರ ಬೇಕೆಂದು ಜನ ಕೇಳುತ್ತಿದ್ದರು. 1938ರಲ್ಲಿ ಮದ್ದೂರಿನ ಬಳಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಮರುವರ್ಷ, 1939ರಲ್ಲಿ, ನಮ್ಮ ಪಕ್ಕದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು.

ತುರುವನೂರಿನ ಹೆಣ್ಣುಮಕ್ಕಳು

ಚಳ್ಳಕೆರೆ ಕಡೆಯವರಿಗೆ ತುರುವನೂರು ದೂರವಲ್ಲ. ಈಚಲು ಮರದಿಂದ ಸೇಂದಿ, ಸೇಂದಿಯಿಂದ ಸರ್ಕಾರಕ್ಕೆ ಆದಾಯ, ಕುಡಿತದಿಂದ ಮನೆಗಳಿಗೆ ಹಾಳು. ಆ ಮರಗಳನ್ನೇ ಕಡಿಯುವುದು ಸತ್ಯಾಗ್ರಹದ ರೀತಿ. ನಿಜಲಿಂಗಪ್ಪನವರು ಇದರ ಮುಂದಾಳುಗಳಲ್ಲಿ ಒಬ್ಬರಾಗಿದ್ದು ಜೈಲು ಸೇರಿದರು. ಆದರೆ ತುರುವನೂರಿನ ಹೆಸರು ಇಂದಿಗೂ ಉಳಿದಿರುವುದು ಅಲ್ಲಿಯ ಹೆಂಗಸರಿಂದ. ಅವರು ಕೊಡಲಿ ಹಿಡಿದು ಮರಗಳ ಕಡೆಗೆ ನಡೆದರು, ಬಂಧನಕ್ಕೂ ಹೆದರಲಿಲ್ಲ.

ಇದನ್ನು ಇಲ್ಲಿ ಏಕೆ ಹೇಳುತ್ತಿದ್ದೇನೆಂದರೆ, ನಮ್ಮ ಎರಡೂ ತಾಲ್ಲೂಕುಗಳಲ್ಲಿ ಹಸುವಿಗೆ ಮೇವು ಹಾಕುವವರು, ಹಾಲು ಕರೆಯುವವರು, ಸಗಣಿ ಬಾಚುವವರು ಬಹುಪಾಲು ಹೆಂಗಸರು. ಮಹಿಳಾ ಸಂಘಗಳನ್ನು ಬಿಟ್ಟರೆ, ಸದಸ್ಯತ್ವ ಮಾತ್ರ ಬಹಳ ಮನೆಗಳಲ್ಲಿ ಗಂಡಸರ ಹೆಸರಿನಲ್ಲಿದೆ. 1939ರಲ್ಲಿ ಸರ್ಕಾರದ ಎದುರು ನಿಂತವರ ಮೊಮ್ಮಕ್ಕಳು ಸಂಘದ ಮಹಾಸಭೆಯಲ್ಲಿ ಬಾಗಿಲ ಹಿಂದೆ ನಿಲ್ಲಬೇಕೆ? ಯೋಚಿಸಿ.

ಐದು ತುಂಡು ಒಂದಾದದ್ದು

ನಿಜಲಿಂಗಪ್ಪನವರು 1946ರಿಂದ 1954ರವರೆಗೆ ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. ಭಾರತದ ಸಂವಿಧಾನ ರಚನಾ ಸಭೆಯ ಸದಸ್ಯರೂ ಆಗಿದ್ದರು. 1952ರ ಮೊದಲ ಮಹಾಚುನಾವಣೆಯಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಹೋದರು. ಆ ಕಾಲದಲ್ಲಿ ಅವರ ಮುಖ್ಯ ಕೆಲಸ ಕರ್ನಾಟಕದ ಏಕೀಕರಣ.

ಆಗ ಕನ್ನಡ ಮಾತಾಡುವ ಜನ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು: ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು. ಮೊಳಕಾಲ್ಮೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾಲ್ಲೂಕು ಮೈಸೂರಿನದು, ಆದರೆ ಮೂರು ದಿಕ್ಕಿಗೂ ಮದರಾಸಿನ ಗಡಿ. ಒಂದು ಕಡೆ ರಾಯದುರ್ಗ, ಇನ್ನೊಂದು ಕಡೆ ಬಳ್ಳಾರಿ, ಮತ್ತೊಂದು ಕಡೆ ಕೂಡ್ಲಿಗಿ. 1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಇಂದಿಗೂ ಮೊಳಕಾಲ್ಮೂರಿನ ಎಷ್ಟೋ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ; ಹೆಣ್ಣು ಕೊಡುವುದು ತರುವುದು ಗಡಿಯಾಚೆಗೂ ಇದೆ.

ಏಕೀಕರಣ ಎಲ್ಲರಿಗೂ ಹಿತವಾಗಿರಲಿಲ್ಲ. "ನಮ್ಮ ವಿದ್ಯುತ್ತು, ನಮ್ಮ ಕಂದಾಯ, ನಮ್ಮ ಅಣೆಕಟ್ಟು ಹಿಂದುಳಿದ ಜಿಲ್ಲೆಗಳ ಪಾಲಾಗುತ್ತವೆ" ಎಂದು ಹಳೆಯ ಮೈಸೂರಿನಲ್ಲಿ ಅನೇಕರು ವಿರೋಧಿಸಿದರು. ಜಾತಿಗಳ ಬಲಾಬಲದ ಲೆಕ್ಕವೂ ಇತ್ತು. ನಿಜಲಿಂಗಪ್ಪನವರು ಹಳೆಯ ಮೈಸೂರಿನವರೇ ಆಗಿದ್ದರೂ ಏಕೀಕರಣದ ಪರವಾಗಿ ನಿಂತರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಹುಟ್ಟಿತು. ಅದರ ಮೊದಲ ಮುಖ್ಯಮಂತ್ರಿ ನಿಜಲಿಂಗಪ್ಪನವರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ.

ಮರುವರ್ಷ, 1957ರ ವಿಧಾನಸಭಾ ಚುನಾವಣೆಯಲ್ಲಿ ಅವರು ನಿಂತು ಗೆದ್ದದ್ದು ಮೊಳಕಾಲ್ಮೂರು ಕ್ಷೇತ್ರದಿಂದ. ಮಳೆ ಕಡಿಮೆ, ಬರ ಹೆಚ್ಚು, ರೇಷ್ಮೆ ಸೀರೆಯ ಮಗ್ಗ ಮತ್ತು ಕುರಿ ದನಗಳನ್ನು ನಂಬಿದ ತಾಲ್ಲೂಕು ನಾಡಿಗೆ ಒಬ್ಬ ಮುಖ್ಯಮಂತ್ರಿಯನ್ನು ಆರಿಸಿ ಕಳುಹಿಸಿತು.

ಎರಡು ಸಲ ಸೋಲು

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ.

ಮೊದಲನೆಯದು 1958. ಪಕ್ಷದೊಳಗೇ ಭಿನ್ನಮತ ಹುಟ್ಟಿತು. ನಿಜಲಿಂಗಪ್ಪನವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು, ಆ ವರ್ಷದ ಮೇ ತಿಂಗಳಲ್ಲಿ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬೇರೆ ಪಕ್ಷ ಕಟ್ಟಲಿಲ್ಲ. ಅದೇ ಪಕ್ಷದಲ್ಲಿ ಉಳಿದು ಕಾದರು.

ಎರಡನೆಯದು 1962. ಆ ವರ್ಷದ ಚುನಾವಣೆಯಲ್ಲಿ ಅವರು ಹೊಸದುರ್ಗದಿಂದ ನಿಂತು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಸೋತರು. ರಾಜ್ಯದಲ್ಲಿ ಅವರ ಪಕ್ಷ ಗೆದ್ದಿತ್ತು. ನಾಯಕರು ತಮ್ಮ ಸ್ವಂತ ಜಿಲ್ಲೆಯಲ್ಲೇ ಬಿದ್ದಿದ್ದರು. ಒಬ್ಬ ಮಾಜಿ ಮುಖ್ಯಮಂತ್ರಿಗೆ ಇದು ಸಣ್ಣ ಅವಮಾನವಲ್ಲ.

ಆಗ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು, 1962ರ ಮಾರ್ಚ್ 14ರಂದು. ಬಾಗಲಕೋಟೆಯಲ್ಲಿ ಒಂದು ಸ್ಥಾನ ತೆರವಾಗಿ, ನಿಜಲಿಂಗಪ್ಪನವರು ಅಲ್ಲಿಂದ ಆರಿಸಿ ಬಂದರು. ಕಂಠಿಯವರು ಜೂನ್ ತಿಂಗಳಲ್ಲಿ ಕುರ್ಚಿಯನ್ನು ಬಿಟ್ಟುಕೊಟ್ಟು, ಅದೇ ಸಂಪುಟದಲ್ಲಿ ಮಂತ್ರಿಯಾಗಿ ಕೆಲಸ ಮಾಡಿದರು. ಮೂರು ತಿಂಗಳ ಮಟ್ಟಿಗೆ ಕೂತ ಕುರ್ಚಿಯಿಂದ ಏಳುವುದು ಎಷ್ಟು ಕಷ್ಟ ಎಂದು ಸಂಘದ ಪ್ರಭಾರ ಅಧ್ಯಕ್ಷರಾಗಿದ್ದವರನ್ನು ಕೇಳಿ ನೋಡಿ! ಪಾದುಕೆ ಇಟ್ಟು ರಾಜ್ಯ ನೋಡಿಕೊಂಡ ಭರತನಿಗೆ ಅಂದಿನ ಜನ ಕಂಠಿಯವರನ್ನು ಹೋಲಿಸಿದ್ದು ಸುಮ್ಮನೆ ಅಲ್ಲ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಸೋತ ಜಿಲ್ಲೆಯನ್ನು ಬಿಟ್ಟು ಬೇರೆ ಜಿಲ್ಲೆಯಿಂದ ಬಂದು ಮುಖ್ಯಮಂತ್ರಿಯಾದದ್ದು ಸರಿಯೇ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಕೇಳಲಿ. ಆದರೆ ಸೋತ ಕಾರಣಕ್ಕೆ ಅವರು ಪಕ್ಷವನ್ನು ಒಡೆಯಲಿಲ್ಲ, ಗೆದ್ದವರು ಸೋತವರನ್ನು ಹೊರಗೆ ಹಾಕಲಿಲ್ಲ. ನಮ್ಮ ಪಾಠಕ್ಕೆ ಬೇಕಾದದ್ದು ಇಷ್ಟು.

ಎರಡನೆಯ ಅವಧಿಯ ಕೆಲಸ

1962ರ ಜೂನ್‌ನಿಂದ 1968ರ ಮೇ ತಿಂಗಳವರೆಗೆ ಸುಮಾರು ಆರು ವರ್ಷ ಅವರು ಮುಖ್ಯಮಂತ್ರಿಯಾಗಿದ್ದರು. ಆ ಕಾಲದ ಕೆಲವು ಕೆಲಸಗಳು ಇಂದಿಗೂ ನಿಮ್ಮ ಕೊಟ್ಟಿಗೆಯವರೆಗೆ ಬಂದು ಮುಟ್ಟುತ್ತಿವೆ.

1. ವಿದ್ಯುತ್ತು: ಶರಾವತಿ ಜಲವಿದ್ಯುತ್ ಯೋಜನೆಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಇಂದು ಸಂಘಗಳಲ್ಲಿ ಹಾಲು ತಣಿಸುವ ಯಂತ್ರ ತಿರುಗುವುದಕ್ಕೂ ಬೋರ್‌ವೆಲ್ಲಿನ ಮೋಟಾರು ಓಡುವುದಕ್ಕೂ ಬೇಕಾದ ವಿದ್ಯುತ್ತಿನಲ್ಲಿ ಶರಾವತಿಯ ಪಾಲಿದೆ.

2. ಕೃಷಿ ಮತ್ತು ಪಶುವೈದ್ಯ ಶಿಕ್ಷಣ: ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿ ಆರಂಭವಾಯಿತು. 1958ರಲ್ಲಿ ಹುಟ್ಟಿದ್ದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಅದರ ಜೊತೆಗೆ ಸೇರಿತು. ನನ್ನಂಥವರು ಸ್ಟೆತಾಸ್ಕೋಪು ಹಿಡಿದು ನಿಮ್ಮ ಊರಿಗೆ ಬಂದದ್ದು ಆ ಕಾಲೇಜಿನ ಬಾಗಿಲಿನಿಂದ.

3. ಹಾಲು: ಬೆಂಗಳೂರು ಡೇರಿ 1965ರಲ್ಲಿ ಆರಂಭವಾಯಿತು. ಆದರೆ ಅದು ಪಟ್ಟಣಕ್ಕೆ ಹಾಲು ಒದಗಿಸುವ ಸರ್ಕಾರಿ ಡೇರಿ. ಉತ್ಪಾದಕರೇ ಒಡೆಯರಾಗುವ ಆನಂದ್ ಮಾದರಿ ನಮ್ಮಲ್ಲಿ ಬಂದದ್ದು 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯ ಮೂಲಕ. ಹಾಲು ಮಹಾಮಂಡಳಿ ಆದದ್ದು 1984ರಲ್ಲಿ.

4. ಭೂಮಿ: 1961ರ ಭೂಸುಧಾರಣಾ ಕಾಯಿದೆ 1965ರಲ್ಲಿ ಜಾರಿಗೆ ಬಂತು. ಆದರೆ ಅದರಲ್ಲಿ ಸಂದುಗಳು ಬಹಳ. ಉಳುವವನಿಗೆ ಭೂಮಿ ನಿಜವಾಗಿ ಸಿಗತೊಡಗಿದ್ದು ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯಿಂದ. ಮುಂದಿನ ಭಾಗ ಅರ್ಥವಾಗಬೇಕಾದರೆ ಇದನ್ನು ನೆನಪಿಡಬೇಕು.

1969: ದೊಡ್ಡ ಸಂಸ್ಥೆ ಒಡೆದದ್ದು

1968ರ ಆರಂಭದಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟರು. ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ. ಪಕ್ಷದ ಹಿರಿಯರ ಒಂದು ಕೂಟ ಇನ್ನೊಂದು ಕಡೆ. ಅದನ್ನು ಪತ್ರಿಕೆಗಳು ಸಿಂಡಿಕೇಟ್ ಎನ್ನುತ್ತಿದ್ದವು, ನಿಜಲಿಂಗಪ್ಪನವರು ಅದರಲ್ಲಿ ಒಬ್ಬರು. ಪಕ್ಷ ದೊಡ್ಡದೋ, ಸರ್ಕಾರ ನಡೆಸುವವರು ದೊಡ್ಡವರೋ ಎಂಬುದು ಜಗಳದ ಮೂಲ. ನಮ್ಮ ಸಂಘಗಳಲ್ಲಿ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳ ನಡುವೆ ನಡೆಯುವ ಜಗ್ಗಾಟವೂ ಹೆಚ್ಚುಕಡಿಮೆ ಇದೇ ಜಾತಿಯದು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತು. ಪಕ್ಷದ ಮಂಡಳಿ ಬಹುಮತದಿಂದ ಎನ್. ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿತು. ಇದು ಪ್ರಧಾನಿಗೆ ಒಪ್ಪಿಗೆ ಇರಲಿಲ್ಲ. ಬೆಂಗಳೂರಿನಿಂದ ಹಿಂತಿರುಗಿದ ಅವರು ಮೊರಾರ್ಜಿ ದೇಸಾಯಿಯವರ ಹಣಕಾಸು ಖಾತೆಯನ್ನು ತೆಗೆದುಕೊಂಡರು. ಜುಲೈ 19ರಂದು 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ಬಡವರು ಇದನ್ನು ತಮ್ಮ ಪರವಾದ ಕೆಲಸವೆಂದು ನಂಬಿದರು.

ವಿ.ವಿ. ಗಿರಿಯವರು ಪಕ್ಷೇತರರಾಗಿ ನಿಂತಿದ್ದರು. ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತಕ್ಕಾಗಿ ಜನಸಂಘ ಮತ್ತು ಸ್ವತಂತ್ರ ಪಕ್ಷದ ಮುಖಂಡರನ್ನು ಕಂಡರು. ಎದುರು ಗುಂಪಿಗೆ ಇದೇ ಆಯುಧವಾಯಿತು. "ಪಕ್ಷದ ಆಜ್ಞೆ ಬೇಡ, ಆತ್ಮಸಾಕ್ಷಿಯಂತೆ ಮತ ಹಾಕಿ" ಎಂಬ ಕೂಗು ಎದ್ದಿತು. ಕೊನೆಯ ಎಣಿಕೆಯಲ್ಲಿ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮತ ಮೌಲ್ಯ. ಅಂತರ ತೀರಾ ಸಣ್ಣದು.

ಸೋಲಿನ ನಂತರ ಸಂಧಾನದ ಮಾತು ನಡೆದರೂ ನಿಲ್ಲಲಿಲ್ಲ. ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಕಾರ್ಯಸಮಿತಿ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿತು. ನಿಯಮದ ಪ್ರಕಾರ ಅಧಿಕಾರ ಅವರ ಕೈಯಲ್ಲಿತ್ತು. ಪಕ್ಷದ ಅಭ್ಯರ್ಥಿಯನ್ನು ಸೋಲಿಸಿದವರ ಮೇಲೆ ಶಿಸ್ತಿನ ಕ್ರಮ ಎಂಬ ವಾದವೂ ಇತ್ತು. ಆದರೆ ಸದಸ್ಯರು ಎಲ್ಲಿ ನಿಂತರು? ಅದೇ ತಿಂಗಳು ಇಂದಿರಾ ಅವರ ಕಡೆಯವರು ಕರೆದ ಸಭೆಗೆ ಅಖಿಲ ಭಾರತ ಸಮಿತಿಯ 705 ಸದಸ್ಯರಲ್ಲಿ 446 ಜನ ಬಂದರು. ಸಂಸತ್ತಿನ ಕಾಂಗ್ರೆಸ್ ಸದಸ್ಯರಲ್ಲೂ ಹೆಚ್ಚಿನವರು ಪ್ರಧಾನಿಯ ಜೊತೆ ಉಳಿದರು.

1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 352 ಸ್ಥಾನ. ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿಗೆ 16. ಅವರ ತವರಾದ ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ ಒಂದೂ ಅವರ ಪಕ್ಷಕ್ಕೆ ಬರಲಿಲ್ಲ. 1972ರಲ್ಲಿ ರಾಜ್ಯವೂ ಕೈಬಿಟ್ಟು ದೇವರಾಜ ಅರಸರು ಮುಖ್ಯಮಂತ್ರಿಯಾದರು.

ತಪ್ಪು ಯಾರದು? ಎರಡೂ ಕಡೆ ಇತ್ತು ಎಂಬುದು ನನ್ನ ತಿಳಿವಳಿಕೆ. ಒಂದು ಕಡೆ ಪಕ್ಷದ ತೀರ್ಮಾನಕ್ಕೆ ಬೆಲೆ ಕೊಡಲಿಲ್ಲ. ಇನ್ನೊಂದು ಕಡೆ ನಿಯಮ ಪುಸ್ತಕ ಕೈಯಲ್ಲಿದ್ದರೆ ಸದಸ್ಯರೂ ಜೊತೆಗಿರುತ್ತಾರೆಂದು ನಂಬಿದರು. ಭೂಮಿ, ಸಾಲ, ಕೂಲಿ ಇವುಗಳ ಬಗ್ಗೆ ಬಡವರ ಆಸೆ ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ಹಿರಿಯರ ಕೂಟ ನೋಡಲಿಲ್ಲ. 1958ರಲ್ಲೂ 1962ರಲ್ಲೂ ತಾವು ಸೋತಾಗ ತಾಳ್ಮೆ ತೋರಿದ ಅದೇ ವ್ಯಕ್ತಿ, 1969ರಲ್ಲಿ ಅಧಿಕಾರದ ಪೀಠದಲ್ಲಿ ಕೂತಾಗ ಕೊನೆಯ ಬಾಗಿಲನ್ನು ಮುಚ್ಚಿದರು. ಕುರ್ಚಿಯಿಲ್ಲದಾಗ ತಾಳ್ಮೆ ಸುಲಭ, ಕುರ್ಚಿಯಲ್ಲಿದ್ದಾಗ ಕಷ್ಟ ಎಂಬುದನ್ನು ನಮ್ಮ ಅಧ್ಯಕ್ಷರುಗಳು ಇಲ್ಲಿ ಗಮನಿಸಬೇಕು.

ಕೊನೆಯ ವರ್ಷಗಳು

ಆಮೇಲೆ ಅವರು ಕ್ರಮೇಣ ಸಕ್ರಿಯ ರಾಜಕೀಯದಿಂದ ಹಿಂದೆ ಸರಿದು ಚಿತ್ರದುರ್ಗದ ತಮ್ಮ ಮನೆಯಲ್ಲಿ ಬದುಕಿದರು. ಇಂಗ್ಲಿಷಿನಲ್ಲಿ ಆತ್ಮಕಥೆ ಬರೆದರು. 2000ದ ಆಗಸ್ಟ್ 8ರಂದು, 97ನೆಯ ವಯಸ್ಸಿನಲ್ಲಿ, ಚಿತ್ರದುರ್ಗದಲ್ಲೇ ತೀರಿಕೊಂಡರು. ಆಗ ನಾನು ಹೆಬ್ಬಾಳದಲ್ಲಿ ವಿದ್ಯಾರ್ಥಿ. ಹಾಸ್ಟೆಲಿನ ಟಿ.ವಿ.ಯಲ್ಲಿ ಸುದ್ದಿ ನೋಡಿ, "ಇವರು ಇನ್ನೂ ಇದ್ದರೇ!" ಎಂದು ನಮ್ಮಲ್ಲಿ ಒಬ್ಬ ಉದ್ಗರಿಸಿದ. ಸೀಬಾರದ ಬಳಿ ಹೆದ್ದಾರಿಯ ಪಕ್ಕ ಅವರ ಸ್ಮಾರಕವಿದೆ. ಚಿತ್ರದುರ್ಗದ ಕಡೆಗೆ ಹೋದಾಗ ಒಂದು ನಿಮಿಷ ನಿಂತು ನೋಡಿ.

ನಮ್ಮ ಸಂಘಗಳಿಗೆ ಅನ್ವಯಿಸುವುದು ಹೇಗೆ?

1. ಚುನಾವಣೆ ಮುಗಿದ ದಿನವೇ ಗುಂಪೂ ಮುಗಿಯಬೇಕು. ಗೆದ್ದ ಅಧ್ಯಕ್ಷರು ಮೊದಲು ಹೋಗಬೇಕಾದದ್ದು ಸೋತವರ ಮನೆಗೆ. ಮೆರವಣಿಗೆ, ಪಟಾಕಿ ಬೇಡ.

2. ಸೋತವರು ಹಾಲು ನಿಲ್ಲಿಸಬಾರದು. ಸಂಘ ಅಧ್ಯಕ್ಷರ ಆಸ್ತಿಯಲ್ಲ. ಷೇರು ಹಾಕಿದ ಪ್ರತಿಯೊಬ್ಬರದು. ಹಾಲು ನಿಲ್ಲಿಸಿದರೆ ಅಧ್ಯಕ್ಷರಿಗೆ ನಷ್ಟವಿಲ್ಲ, ಬೋನಸ್ಸು, ಪಶು ಆಹಾರ, ಚಿಕಿತ್ಸೆಯ ಸೌಲಭ್ಯ ಕಳೆದುಕೊಳ್ಳುವವರು ನೀವೇ.

3. ಅಸಮಾಧಾನವಿದ್ದರೆ ಮಹಾಸಭೆಯಲ್ಲಿ ಹೇಳಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ ಪ್ರಕಾರ ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ನಡೆಯಬೇಕು. ಅಲ್ಲಿ ಜಮಾಖರ್ಚು, ಫ್ಯಾಟ್ ಮತ್ತು ಡಿಗ್ರಿಯ ಲೆಕ್ಕ, ಬಟವಾಡೆ ಏನನ್ನು ಬೇಕಾದರೂ ಕೇಳುವ ಹಕ್ಕು ನಿಮಗಿದೆ. ಕೇಳಿದ್ದನ್ನು ನಡವಳಿ ಪುಸ್ತಕದಲ್ಲಿ ಬರೆಸಿ.

4. ಬೈಲಾ ನಿಮ್ಮ ಕಡೆಗಿದೆ ಎಂದ ಮಾತ್ರಕ್ಕೆ ಸದಸ್ಯರು ನಿಮ್ಮ ಕಡೆಗಿದ್ದಾರೆ ಎಂದಲ್ಲ. ಒಬ್ಬ ಸದಸ್ಯರನ್ನು ತೆಗೆದುಹಾಕುವ ಠರಾವಿಗೆ ಮೊದಲು ಅವರ ಮನೆಗೆ ಎರಡು ಸಲ ಹೋಗಿ ಬನ್ನಿ.

5. ಕುರ್ಚಿ ಬಿಟ್ಟುಕೊಡುವುದನ್ನು ಕಲಿಯಿರಿ. ಕಂಠಿಯವರಂತೆ ಎದ್ದು, ಅದೇ ಮಂಡಳಿಯಲ್ಲಿ ನಿರ್ದೇಶಕರಾಗಿ ಕೆಲಸ ಮಾಡುವುದರಲ್ಲಿ ಮರ್ಯಾದೆ ಕಡಿಮೆಯಾಗುವುದಿಲ್ಲ.

6. ಹಸು ನೋಡಿಕೊಳ್ಳುವ ಹೆಣ್ಣುಮಕ್ಕಳ ಹೆಸರಿನಲ್ಲಿ ಸದಸ್ಯತ್ವ ಮಾಡಿಸಿ. ಅಜ್ಜಿಯ ಹೆಸರು ಸದಸ್ಯರ ಪಟ್ಟಿಯಲ್ಲಿದ್ದು ನೋಟೀಸು ನೇರವಾಗಿ ಅವರ ಕೈಗೆ ಬಂದಿದ್ದರೆ, ಮೈದುನನ ಮಾತಿನ ಮೇಲೆ ಹಸುವಿನ ಗತಿ ನಿಲ್ಲುತ್ತಿರಲಿಲ್ಲ.

ಕಾಲುಬಾಯಿ ಜ್ವರಕ್ಕೆ ಗುಂಪು ಗೊತ್ತಿಲ್ಲ

ಪಶುವೈದ್ಯನಾಗಿ ಇಷ್ಟನ್ನು ಹೇಳದೆ ಮುಗಿಸಲಾರೆ.

ಅ) ಊರಿನ 100 ರಾಸುಗಳಲ್ಲಿ ಕನಿಷ್ಠ 80 ಕ್ಕಾದರೂ ಲಸಿಕೆ ಆಗಿದ್ದರೆ ರೋಗ ಹರಡುವ ದಾರಿ ಕಟ್ಟುತ್ತದೆ. ಅರ್ಧ ಊರಿಗೆ ಹಾಕಿ ಅರ್ಧ ಬಿಟ್ಟರೆ ಆ ಅರ್ಧವೇ ರೋಗಕ್ಕೆ ಬಾಗಿಲು.

ಆ) ಕರುವಿಗೆ 4 ತಿಂಗಳು ತುಂಬಿದಾಗ ಮೊದಲ ಲಸಿಕೆ, ಒಂದು ತಿಂಗಳ ನಂತರ ಇನ್ನೊಂದು, ಆಮೇಲೆ 6 ತಿಂಗಳಿಗೊಮ್ಮೆ ಹಾಕಿಸಿ. ಸರ್ಕಾರದ ಕಾರ್ಯಕ್ರಮದಲ್ಲಿ ಇದು ಉಚಿತ. ಲಸಿಕೆ ಹಾಕಿಸಿದರೆ ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು, ಹೆದರಬೇಡಿ. ರೋಗ ಬಂದರೆ ಆ ಸೂಲಿನ ಹಾಲೇ ಹೋಗುತ್ತದೆ.

ಇ) ಜ್ವರ, ಜೊಲ್ಲು, ನಾಲಿಗೆ ಮತ್ತು ಗೊರಸಿನ ಸಂದಿನಲ್ಲಿ ಗುಳ್ಳೆ ಕಂಡ ತಕ್ಷಣ ಆ ರಾಸನ್ನು ಬೇರೆ ಕಟ್ಟಿ, ತಿಳಿಸಿ. ಬಾಯಿ ಮತ್ತು ಗೊರಸನ್ನು ತಿಳಿ ನೇರಳೆ ಬಣ್ಣ ಬರುವಷ್ಟು ಪೊಟ್ಯಾಷಿಯಂ ಪರ್ಮಾಂಗನೇಟ್ ಬೆರೆಸಿದ ನೀರಿನಿಂದ ತೊಳೆಯಿರಿ. ಮೆತ್ತನೆಯ ಗಂಜಿ, ಹಸಿ ಮೇವು ಕೊಡಿ. ರೋಗದ ಹಸುವಿನ ಕೆಚ್ಚಲಿಗೆ ಕರುವನ್ನು ಬಿಡಬೇಡಿ. ಕರುವಿಗೆ ಕಾಯಿಸಿ ಆರಿಸಿದ ಹಾಲು ಕುಡಿಸಿ.

ಈ) ರೋಗ ಇರುವಾಗ ಸಂತೆಗೆ, ಜಾತ್ರೆಗೆ ದನ ಹೊಡೆಯಬೇಡಿ. ಒಂದೇ ತೊಟ್ಟಿಯಲ್ಲಿ ಊರ ದನಗಳಿಗೆಲ್ಲ ನೀರು ಕುಡಿಸಬೇಡಿ.

ಮಹಾಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಕಳೆದ ಚುನಾವಣೆಯ ನಂತರ ನಮ್ಮ ಸಂಘಕ್ಕೆ ಹಾಲು ಹಾಕುವುದನ್ನು ಎಷ್ಟು ಜನ ನಿಲ್ಲಿಸಿದರು? ಅವರ ಮನೆಗೆ ಯಾರಾದರೂ ಹೋಗಿ ಕೇಳಿದರೇ?
2. 1962ರಲ್ಲಿ ಸೋತಾಗ ಮತ್ತು 1969ರಲ್ಲಿ ಅಧ್ಯಕ್ಷರಾಗಿದ್ದಾಗ ನಿಜಲಿಂಗಪ್ಪನವರ ನಡೆಯಲ್ಲಿ ಏನು ವ್ಯತ್ಯಾಸ?
3. ನಮ್ಮ ಊರಿನಲ್ಲಿ ಈ ಸಲ ಲಸಿಕೆ ತಪ್ಪಿದ ರಾಸುಗಳು ಎಷ್ಟು? ಯಾವ ಬೀದಿಯವು? ಏಕೆ ತಪ್ಪಿದವು?

ಕೊನೆಯ ಮಾತು

ಆ ಹಳ್ಳಿಯ ಮುಂದಿನ ಲಸಿಕೆಯನ್ನು ಸಂಘದ ಅಂಗಳದಲ್ಲಿ ಇಡಲಿಲ್ಲ. ಎರಡು ಗುಂಪಿನ ಬೀದಿಗಳು ಕೂಡುವ ಕಡೆ ಒಂದು ಬೇವಿನ ಮರವಿದೆ, ಅದರ ಕೆಳಗೆ ಇಟ್ಟೆವು. ಬಾರದವರ ಮನೆಗೆ ನಾನೇ ಹೋದೆ. ಎರಡು ದಿನ ಹಿಡಿಯಿತು. ಮೊದಲು ಬಂದವರು ಅಜ್ಜಿ. ಹಸುವಿನ ಮೂಗುದಾರ ಹಿಡಿದು ನಿಂತು, "ಈ ಸಲ ಚೀಟಿ ಯಾರ್ದು ಅಂತ ಕೇಳ್ಬ್ಯಾಡ್ರಿ, ಸೂಜಿ ಚುಚ್ಚಿ" ಎಂದರು. ಸುತ್ತಲಿದ್ದ ಎರಡೂ ಗುಂಪಿನವರು ನಕ್ಕರು.

ಸಂಘದಲ್ಲಿ ಈಗ ನಾಲ್ಕು ಕ್ಯಾನು ತುಂಬುತ್ತಿದೆ. ಆರು ಇನ್ನೂ ಆಗಿಲ್ಲ. ಒಡೆಯುವುದಕ್ಕೆ ಒಂದು ದಿನ ಸಾಕಾಗಿತ್ತು, ಕೂಡಿಸುವುದಕ್ಕೆ ಎಷ್ಟು ವರ್ಷ ಬೇಕೋ ಗೊತ್ತಿಲ್ಲ. ನಿಮ್ಮ ಊರಿನಲ್ಲಿ ಚುನಾವಣೆ ಬರುವ ಮೊದಲು ಈ ಪಾಠವನ್ನು ಒಮ್ಮೆ ಸಂಘದ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿಸಿ ಎಂದು ಕೋರುತ್ತೇನೆ.